ದೊಡ್ಡಬೀರಪ್ಪ ಕೊಡುವ ಲೈಸೆನ್ಸು

ಮಡಕಶಿರದಿಂದ ಅಗಳಿ ಕಡೆ ಹೋಗುವ ಡಾಂಬರು ರಸ್ತೆಯಲ್ಲಿ, ಹುಣಸೆಮರದ ತಿರುವಿಗೆ ಬಂದ ಕೂಡಲೇ ಆ ದಾರಿಯ ಹಳೇ ಡ್ರೈವರುಗಳೆಲ್ಲ ತಾವಾಗಿಯೇ ಬ್ರೇಕಿನ ಮೇಲೆ ಕಾಲಿಡುತ್ತಾರೆ. ಅಲ್ಲಿ ರಸ್ತೆಯುಬ್ಬಿಲ್ಲ, ಪೊಲೀಸರಿಲ್ಲ, ಬೋರ್ಡೂ ಇಲ್ಲ. ಅಲ್ಲಿರುವವನು ದೊಡ್ಡಬೀರಪ್ಪ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಆಳೆತ್ತರದ ಕೋಲು, ಮೂಗಿನ ತುದಿಯಲ್ಲಿ ಕೋಪ. ಬೆಳಿಗ್ಗೆ ಅವನ ಕುರಿಮಂದೆ ರೊಪ್ಪದಿಂದ ಹೊರಟು ಈ ರಸ್ತೆ ದಾಟಿಯೇ ಗುಡ್ಡದ ಕಡೆ ಹೋಗಬೇಕು, ಸಂಜೆ ಇದನ್ನೇ ದಾಟಿ ವಾಪಸು ಬರಬೇಕು. ಆ ಎರಡು ಹೊತ್ತು ರಸ್ತೆ ಸರ್ಕಾರದ್ದಲ್ಲ, ಅವನದು.

ಆ ಹೊತ್ತಿನಲ್ಲಿ ಯಾರಾದರೂ ಹಾರನ್ ಹೊಡೆದರೋ, ಅವರ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. ಮಂದೆಯನ್ನು ನಾಯಿಯ ಜವಾಬ್ದಾರಿಗೆ ಬಿಟ್ಟು ದೊಡ್ಡಬೀರಪ್ಪ ನೇರ ಗಾಡಿಯ ಕಿಟಕಿಗೇ ಬರುತ್ತಾನೆ. ಯಾವ ಊರು, ಯಾರ ಮಗ, ಅವೆಲ್ಲ ಆಮೇಲೆ. ಮೊದಲ ಪ್ರಶ್ನೆ ಒಂದೇ.

“ಲೈಸೆನ್ಸು ಯಾವಾಗ ಬಂತಪ್ಪ ನಿಂಗೆ?”

ಹುಡುಗ ತಬ್ಬಿಬ್ಬಾಗಿ “ಹೋದ ತಿಂಗಳು” ಅಂದರೆ ಮುಗಿಯಿತು.

“ಅದೇ ಅಂದ್ಕೊಂಡೆ! ನಿನ್ ಹಾರನ್ನಿಗೆ ಸೆಲ್ಯೂಟ್ ಹೊಡ್ಯಾಕೆ ಕುರಿ ಏನು ಪೊಲೀಸ್ನೋರೇನಪ್ಪ? ಹಾರನ್ ಹೊಡುದ್ರೆ ಬೆದರಿ ಗುಂಪಾಗ್ತವೆ. ಗುಂಪಾದ್ರೆ ನಡುರೋಡ್ನಾಗೇ ನಿಂತ್ಕಂತವೆ. ನೀನು ಸುಮ್ನಿದ್ರೆ ಅವೂ ಸುಮ್ನೆ ದಾಟ್ತವೆ. ಇಷ್ಟು ಹೇಳ್ಕೊಡ್ದೆ ನಿಂಗೆ ಲೈಸೆನ್ಸು ಕೊಟ್ಟೋನು ಯಾವನು? ಕರ್ಕೊಂಬಾ ಅವನ್ನ ಇಲ್ಲಿಗೆ!”

ಆ ಕೊಟ್ಟವನ ಮೇಲೆ ದೊಡ್ಡಬೀರಪ್ಪನಿಗೆ ಎಷ್ಟು ಸಿಟ್ಟೆಂದರೆ, ಎದುರು ಸಿಕ್ಕಿದ್ದರೆ ಕಂಬಳಿ ಹೊದಿಸಿ ಮಂದೆಯ ಹಿಂದೆ ಅಟ್ಟಿಬಿಡುತ್ತಿದ್ದ. ಬಯಲಿನಲ್ಲಿ ನಾಲ್ಕು ಕಡ್ಡಿ ನೆಟ್ಟು ಎಂಟರ ಆಕಾರದಲ್ಲಿ ಗಾಡಿ ತಿರುಗಿಸು ಅಂತಾರಂತೆ, ತಿರುಗಿಸಿದರೆ ಪಾಸಂತೆ. “ಎಂಟು ಹಾಕಿಸ್ತಾರಂತೆ, ಎಂಟು! ನಮ್ ರೋಡ್ನಾಗೆ ಎಲ್ಲೈತಪ್ಪ ಎಂಟು? ತೋರ್ಸು ನಂಗೆ” ಎಂದು ಕೇಳಿದರೆ ಉತ್ತರ ಕೊಡುವವರು ಯಾರು? ಮಡಕಶಿರದ ಪಲ್ಲೆವೆಲುಗು ಎಂಬ ಆಂಧ್ರ ಸರ್ಕಾರದ ಹಳ್ಳಿ ಬಸ್ಸಿನ ಡ್ರೈವರ್ ಮಾತ್ರ ಇವನನ್ನು ಕಂಡರೆ ಇಂಜಿನ್ನು ಆರಿಸಿ, “ಬಾಗುನ್ನಾವಾ ಪೆದ್ದಾಯನಾ?” ಎಂದು ತೆಲುಗಿನಲ್ಲಿ ಯೋಗಕ್ಷೇಮ ಕೇಳಿ, ಕುರಿ ದಾಟುವ ತನಕ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. ಪ್ರಪಂಚದಲ್ಲಿ ಲೈಸೆನ್ಸಿಗೆ ಯೋಗ್ಯನಾದವನು ಅವನೊಬ್ಬನೇ ಎಂಬುದು ದೊಡ್ಡಬೀರಪ್ಪನ ತೀರ್ಮಾನ.

ಈ ಸಿಟ್ಟು ಸುಮ್ಮನೆ ಬಂದದ್ದಲ್ಲ. ತಿರುವಿನ ಹುಣಸೆಮರದ ಕೆಳಗೆ ಒಂದು ಟೀ ಅಂಗಡಿ ಇದೆ. ಅದನ್ನು ನಡೆಸುವವನು ಶಿವರಾಮ, ದೊಡ್ಡಬೀರಪ್ಪನ ಕಿರಿಯ ಮಗ. ಟೀ ಲೋಟ ಹಿಡಿದು ಅವನು ಎದ್ದು ಬಂದರೆ ಬಲಗಾಲು ಒಂದು ಹೆಜ್ಜೆ ತಡವಾಗಿ ಬರುತ್ತದೆ. ಹತ್ತೊಂಬತ್ತರ ಹರೆಯದಲ್ಲಿ ಲೈಸೆನ್ಸು ಕೈಗೆ ಬಂದ ವಾರವೇ ಬೆನ್ನ ಹಿಂದೆ ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ಬೈಕಿನಲ್ಲಿ ಬರುತ್ತಿದ್ದ. ಇದೇ ತಿರುವಿನಲ್ಲಿ ತಮ್ಮದೇ ಮಂದೆ ದಾಟುತ್ತಿತ್ತು. ನಿಂತ. ಕುರಿಗಳೆಲ್ಲ ದಾಟಿದವು, ರಸ್ತೆ ಖಾಲಿಯಾಯಿತು. ಗಾಡಿ ಎಬ್ಬಿಸಿದ. ಪೊದೆಯ ಹಿಂದೆ ಉಳಿದಿದ್ದ ಒಂದು ಮರಿ ತಾಯಿಯ ಕಡೆ ಓಡಿತು. ಅದನ್ನು ತಪ್ಪಿಸಲು ಹೋಗಿ ಮೋರಿಗೆ ಬಿದ್ದ. ಗೆಳೆಯರಿಗೆ ತರಚು ಗಾಯ, ಇವನ ಕಾಲು ಮಾತ್ರ ಮತ್ತೆ ಮೊದಲಿನಂತಾಗಲಿಲ್ಲ. ಮರಿಗೆ ಏನೂ ಆಗಲಿಲ್ಲ. ದೊಡ್ಡಬೀರಪ್ಪ ಆ ಮರಿಯನ್ನು ಮಾರಲೂ ಇಲ್ಲ, ಕೊಯ್ಯಲೂ ಇಲ್ಲ. ಅದು ಮುದಿಯಾಗಿ ಸಾಯುವ ತನಕ ಮಂದೆಯಲ್ಲೇ ಇತ್ತು.

ಹೀಗಿರುವ ಮನೆಯಲ್ಲಿ ಮಂಜುಳ ಲೈಸೆನ್ಸು ತೆಗೆದುಕೊಂಡು ಬಂದಳು.

ಮಂಜುಳ ಹಿರಿಯ ಮಗ ರಘುನಾಥನ ಮಗಳು. ಹಿಂದೂಪುರದಲ್ಲಿ ಡಿಗ್ರಿ ಮುಗಿಸಿ ಬಂದವಳು. ತಾತನ ಮೂಗು, ತಾತನ ಬಾಯಿ, ಹಟವೂ ಅಲ್ಲಿಂದಲೇ ಬಂದದ್ದು. ರಘುನಾಥ ಎಮ್ಮಾರ್ವೋ, ಅಂದರೆ ತಹಸೀಲ್ದಾರರ, ಆಫೀಸಿನಲ್ಲಿ ಅಟೆಂಡರು. ಅವನೊಂದು ಹಳೇ ಪಿಕಪ್ ಗಾಡಿ ಕೊಂಡಿದ್ದ. ಊರಿನ ಕುರಿಗಳನ್ನೆಲ್ಲ ಶಿರಾ ಕಡೆಯ ಸಂತೆಗೆ ಸಾಗಿಸುತ್ತಿದ್ದದ್ದು ಯರ್ರಪ್ಪ ಎಂಬ ಒಬ್ಬನೇ ಒಬ್ಬ ಡ್ರೈವರು. ಅವನು ಕುರಿಯನ್ನು ಮೂಟೆಯಂತೆ ಒತ್ತಿ ತುಂಬುತ್ತಿದ್ದ, ಬೆಳಗಾಗುವುದರೊಳಗೆ ಕುಡಿದೂ ಇರುತ್ತಿದ್ದ. ನಮ್ಮ ಗಾಡಿ ಇದ್ದರೆ ನಮ್ಮ ಕುರಿಗಳೂ ನೆಟ್ಟಗೆ ಹೋಗುತ್ತವೆ, ನಾಲ್ಕು ಜನರ ಬಾಡಿಗೆಯೂ ಸಿಗುತ್ತದೆ ಎಂದು ರಘುನಾಥನ ಯೋಚನೆ. ಡ್ರೈವರನ್ನು ಹುಡುಕುತ್ತಿದ್ದಾಗ ಮಂಜುಳ, “ಡ್ರೈವರ್ ಯಾಕಪ್ಪ, ನಾನಿಲ್ವಾ?” ಎಂದು ಲೈಸೆನ್ಸು ತೆಗೆದು ತೋರಿಸಿದಳು. ಎಲ್‌ಎಲ್‌ಆರ್ ಮಾಡಿಸಿದ್ದು, ಕಲಿತದ್ದು, ಎಂಟು ಹಾಕಿದ್ದು, ಎಲ್ಲ ಹಿಂದೂಪುರದಲ್ಲೇ ಮುಗಿದಿತ್ತು.

ದೊಡ್ಡಬೀರಪ್ಪ ಆ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಎದ್ದು ಹೋಗಿ ಗೂಟಕ್ಕೆ ನೇತುಹಾಕಿದ್ದ ಗಾಡಿಯ ಎರಡು ಬೀಗದ ಕೈಗಳನ್ನೂ ತೆಗೆದು, ಮೈಮೇಲಿನ ಉಡಿದಾರಕ್ಕೆ ಬಿಗಿಯಾಗಿ ಗಂಟು ಹಾಕಿಕೊಂಡ.

“ಇನ್ನು ಇದು ಕೇಳಿದ್ರೆ ಕೊಡಾಕಿಲ್ಲ” ಅಂದ.

ಮಂಜುಳಳ ಪಿತ್ತ ನೆತ್ತಿಗೇರಿತು. “ಹೆಣ್ಣು ಹುಡ್ಗಿ ಅಂತ ತಾನೆ ತಾತ? ಗಂಡಾಗಿದ್ರೆ ಕೊಡ್ತಿದ್ದೆ.”

“ಹೆಣ್ಣೂ ಇಲ್ಲ ಗಂಡೂ ಇಲ್ಲ. ನಿಮ್ ಚಿಕ್ಕಪ್ಪ ಗಂಡೇ ಅಲ್ವಾ? ಹೊಸದು ಅಂತ ಕಣಮ್ಮಿ! ಹೊಸಬ್ರ ಕೈಗೆ ಗಾಡಿ ಕೊಡೋ ಮುಂಚೆ ಒಂದ್ ವರ್ಸ ಏನಾದ್ರೂ ಕಟ್ಟಳೆ ಮಾಡ್ಬೇಕು ಸರ್ಕಾರ. ರಾತ್ರಿ ಓಡಿಸ್ಬಾರ್ದು, ಪಕ್ಕದಾಗೆ ಗೆಳೇರ್ನ ಕೂರಿಸ್ಬಾರ್ದು, ಹಾಡು ಹಾಕ್ಬಾರ್ದು, ದೊಡ್ಡೋರು ಒಬ್ರು ಜೊತೆಗಿರ್ಬೇಕು. ಅವ್ರು ಮಾಡಾಕಿಲ್ಲ, ನಾನು ಮಾಡ್ತೀನಿ.”

“ಹಂಗಾದ್ರೆ ಯರ್ರಪ್ಪನಿಗೆ? ಅವನಿಗೆ ಲೈಸೆನ್ಸೇ ಇಲ್ಲ! ನಾನು ಹುಟ್ಟೋ ಮುಂಚಿಂದ ಓಡಿಸ್ತಾವ್ನೆ, ಕುಡ್ಕೊಂಡೇ ಓಡಿಸ್ತಾವ್ನೆ. ಅವನ್ನ ಯಾರೂ ಕೇಳಲ್ಲ. ಕಲ್ತು, ಪರೀಕ್ಷೆ ಕೊಟ್ಟು, ಕಾರ್ಡು ತಂದೋರ್ಗೆ ಎಲ್ಲ ಕಟ್ಟಳೆ. ಇದ್ಯಾವ ನ್ಯಾಯ ತಾತ?”

ಈ ಮಾತಿಗೆ ದೊಡ್ಡಬೀರಪ್ಪನ ಧ್ವನಿ ಇನ್ನೂ ಏರಿತು. ಕಿರುಚಾಡಿ, ಕೆಮ್ಮಿ, ಕೊನೆಗೊಂದು ಷರತ್ತು ಹಾಕಿದ. ಕಡಲೆಕಾಯಿ ಕೀಳುವ ತನಕ ಅವಳು ದಿನಾ ಎರಡು ಹೊತ್ತೂ ಮಂದೆಯ ಜೊತೆ ರಸ್ತೆ ದಾಟಿಸಬೇಕು. “ರೋಡ್ನಾಗೆ ಮೊದ್ಲು ನಡಿ. ಆಮೇಲೆ ಓಡಿಸೀಯಂತೆ.”

ಮಂಜುಳ ಮೂರು ದಿನ ಮುಖ ಊದಿಸಿಕೊಂಡಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ಚೂಡಿದಾರದ ದುಪಟ್ಟಾ ಸೊಂಟಕ್ಕೆ ಕಟ್ಟಿ, ಕೋಲು ಹಿಡಿದು ರೊಪ್ಪದ ಮುಂದೆ ನಿಂತಳು. ಬೇರೆ ದಾರಿ ಏನಿತ್ತು?

ಗಾಡಿಯೊಳಗೆ ಕೂತಾಗ ಕಾಣುವ ರಸ್ತೆಯೇ ಬೇರೆ, ಕುರಿಯ ಹಿಂದೆ ನಿಂತಾಗ ಕಾಣುವ ರಸ್ತೆಯೇ ಬೇರೆ. ಲಾರಿಯೊಂದು ಪಕ್ಕದಲ್ಲಿ ಹಾದರೆ ಅದರ ಗಾಳಿಗೆ ಮೈ ಜೋಲಿ ಹೊಡೆಯುತ್ತಿತ್ತು. ಒಬ್ಬ ಕಾರು ನಿಲ್ಲಿಸದೆ ಮಂದೆಯೊಳಗೇ ನುಸುಳಿಸುತ್ತಿದ್ದ. ಇನ್ನೊಬ್ಬ ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಫೋನು ಹಿಡಿದು ಕುರಿಗಳ ವಿಡಿಯೋ ತೆಗೆಯುತ್ತ ಬರುತ್ತಿದ್ದ. ತಾತ ಇವರನ್ನೆಲ್ಲ ಬೈಯುವಾಗ ನಾಚಿಕೆಯಾಗಿ ಮುಖ ತಿರುಗಿಸುತ್ತಿದ್ದವಳು, ಒಂದು ಸಂಜೆ ಹೊಸ ಬೈಕಿನ ಹುಡುಗನೊಬ್ಬ ಬಿಡದೆ ಹಾರನ್ ಒತ್ತಿದಾಗ ತಾನೇ ಕೋಲು ಊರಿ ನಿಂತಳು.

“ಏಯ್, ಲೈಸೆನ್ಸು ಯಾವಾಗ ಬಂತು ನಿಂಗೆ?”

ಟೀ ಅಂಗಡಿಯಲ್ಲಿದ್ದ ಶಿವರಾಮ ನಕ್ಕ ನಗುವಿಗೆ ಕೈಯಲ್ಲಿದ್ದ ಲೋಟವೇ ಬಿತ್ತು. “ಅಪ್ಪಾ, ನಿನ್ ಸೀಟಿಗೆ ಆಳು ಬಂತು ನೋಡು!” ಎಂದು ಕೂಗಿದ. ದೊಡ್ಡಬೀರಪ್ಪ ಕೇಳಿಸದವನಂತೆ ನಾಯಿಯನ್ನು ಗದರಿದ.

ಕಲಿಸಿದ, ಆದರೆ ಬೈದುಕೊಂಡೇ ಕಲಿಸಿದ. ಮುಂದಿನ ಟಗರು ದಾಟಿತೆಂದರೆ ಮಿಕ್ಕವು ಅದರ ಹಿಂದೆ ಬಂದೇ ಬರುತ್ತವೆ, ನಡುವೆ ಗಾಡಿ ನುಗ್ಗಿಸಿದರೆ ಹಿಂದಿನವು ಚಕ್ರದ ಕೆಳಗಾದರೂ ನುಗ್ಗುತ್ತವೆ. ಎಲ್ಲಕ್ಕಿಂತ ಮುಖ್ಯವಾದ ಪಾಠವನ್ನು ಮಾತ್ರ ಅವನು ಮೋರಿಯ ಮೇಲೆ ಕೂತು, ಬೈಯದೆ ಹೇಳಿದ.

“ಕೊನೇ ಕುರಿ ದಾಟಿತು ಅಂತ ಗಾಡಿ ಎತ್ಬ್ಯಾಡ ಕಣವ್ವ. ಆ ಕಡೆ ಯಾವುದಾದ್ರೂ ತಾಯಿ ನಿಂತ್ಕೊಂಡು ಹಿಂದಕ್ಕೆ ತಿರುಗಿ ನೋಡ್ತೈತಾ, ನೋಡು. ನೋಡ್ತಿದ್ರೆ ಅದರ ಮರಿ ಇನ್ನೂ ಈ ಕಡೇನೇ ಐತೆ ಅಂತ. ಮರಿಗೆ ರೋಡೂ ಕಾಣಲ್ಲ, ಗಾಡೀನೂ ಕಾಣಲ್ಲ. ಅವ್ವನ ದನಿ ಒಂದೇ ಕೇಳ್ತೈತೆ. ಬಂದ್ಬಿಡ್ತೈತೆ.”

ಹೇಳಿ ಮುಗಿಸಿ ಅವನು ಟೀ ಅಂಗಡಿಯ ಕಡೆ ನೋಡಲಿಲ್ಲ. ಮಂಜುಳ ನೋಡಿದಳು.

ಕಡಲೆಕಾಯಿ ಕಿತ್ತದ್ದಾಯಿತು. ಬಳ್ಳಿ ಬಣವೆ ಹಾಕಿದ್ದಾಯಿತು. ಬೀಗದ ಕೈ ಉಡಿದಾರ ಬಿಟ್ಟು ಕದಲಲಿಲ್ಲ. ಹುರುಳಿ ಬರಲಿ ಅಂದ. ಹುರುಳಿಯೂ ಬಂತು, ಇನ್ನೊಂದಿಷ್ಟು ದಿನ ಅಂದ. ಯಾಕೆ ಅಂದರೆ ಕಾರಣವೇ ಇಲ್ಲ! ತಾನು ಹಾಕಿದ ಷರತ್ತಿಗೆ ತಾನೇ ತಪ್ಪುತ್ತಿದ್ದಾನೆಂದು ಅವನಿಗೂ ಗೊತ್ತಿತ್ತು. ಕೈಯನ್ನು ಗಂಟಿನ ತನಕ ಒಯ್ದರೆ ಸಾಕು, ಮೋರಿಯಲ್ಲಿ ಬಿದ್ದಿದ್ದ ಶಿವರಾಮ ಕಣ್ಣ ಮುಂದೆ ಬರುತ್ತಿದ್ದ. ಭಯ ಅಂತ ಹೇಳಿಕೊಳ್ಳಲು ನಾಚಿಕೆಯಾಗಿ ಸಿಟ್ಟು ಮಾಡುತ್ತಿದ್ದ. ಮಂಜುಳ ಅವನ ಜೊತೆ ಮಾತು ಬಿಟ್ಟಳು. ಊಟಕ್ಕೆ ಕರೆಯಲೂ ಬರುತ್ತಿರಲಿಲ್ಲ.

ಕೊನೆಗೆ ಬಾಯಿ ಬಿಟ್ಟವಳು ಅವನ ಹೆಂಡತಿ ಬೊಮ್ಮಕ್ಕ. ಆ ವಾರ ಯರ್ರಪ್ಪ ತುಂಬಿಕೊಂಡು ಹೋದ ಕುರಿಗಳಲ್ಲಿ ಇವರ ಒಳ್ಳೆಯ ಟಗರೊಂದು ತುಳಿತಕ್ಕೆ ಸಿಕ್ಕಿ ಸಂತೆ ಮುಟ್ಟುವುದರೊಳಗೆ ಸತ್ತುಹೋಗಿತ್ತು. ಬೊಮ್ಮಕ್ಕ ನಿಂತಿದ್ದ ಗಾಡಿಯ ಬಾಗಿಲು ತೆಗೆದು ಒಳಗಿಂದ ಎರಡು ಮೊಟ್ಟೆ ತಂದು ಗಂಡನ ಮುಂದೆ ಇಟ್ಟಳು.

“ನೋಡು, ಡ್ರೈವರ್ ಸೀಟ್ನಾಗೆ ಕೋಳಿ ಮೊಟ್ಟೆ ಇಕ್ತೈತೆ. ಕುಡುಕನ ಕೈಗೆ ಕುರಿ ಕೊಡ್ತೀಯ, ಮೊಮ್ಮಗಳ ಕೈಗೆ ಬೀಗದ ಕೈ ಕೊಡಾಕಿಲ್ಲ. ಏನ್ ಮನುಷ್ಯನಪ್ಪ ನೀನು? ಅವ್ಳು ಇಷ್ಟು ದಿನ ನಿನ್ ಹಿಂದೆ ಸಗಣಿ ತುಳ್ಕೊಂಡು ತಿರುಗಿದ್ದು ಯಾಕೆ ಮತ್ತೆ?”

ದೊಡ್ಡಬೀರಪ್ಪ ಹಲ್ಲು ಕಡಿದ. ಉಡಿದಾರದಿಂದ ಒಂದು ಬೀಗದ ಕೈ ಬಿಚ್ಚಿದ. ಇನ್ನೊಂದನ್ನು ಬಿಚ್ಚಲಿಲ್ಲ.

“ಈ ಸಂತೆಗೆ ಓಡಿಸ್ಲಿ. ಪಕ್ಕದಾಗೆ ನಾನು ಕೂತ್ಕಂತೀನಿ. ಒಂದೇ ಒಂದ್ ಕಡೆ ನಂಗೆ ಸರಿ ಕಾಣ್ದಿದ್ರೆ ಗಾಡಿ ಮಾರೋದೇ. ಆಮೇಲೆ ಯಾರೂ ಬಾಯಿ ಬಿಡ್ಬಾರ್ದು.”

ಸಂತೆಯ ದಿನ ನಸುಕಿನಲ್ಲೇ ಕುರಿ ತುಂಬಿದರು. ಮಂಜುಳ ಅವುಗಳ ನಡುವೆ ಉಸಿರಾಡಲು ಜಾಗ ಬಿಟ್ಟು ತಾನೇ ನಿಂತು ಹತ್ತಿಸಿದಳು. ಅದನ್ನು ಕಂಡು ದೊಡ್ಡಬೀರಪ್ಪನಿಗೆ ಒಳಗೊಳಗೇ ಸಮಾಧಾನವಾಯಿತು, ಆದರೆ ಬಾಯಿ ಸುಮ್ಮನಿರಬೇಕಲ್ಲ! ಹಗ್ಗ ಸರಿಯಿಲ್ಲ ಅಂತ ಬಿಚ್ಚಿಸಿದ. ಮತ್ತೆ ಕಟ್ಟಿಸಿದ. ಚಕ್ರಕ್ಕೆ ಕೋಲಿನಿಂದ ಬಡಿದು ಗಾಳಿ ನೋಡಿದ. ಹೊರಟ ಮೇಲೆ ಮೆಲ್ಲಗೆ ಅಂದ, ತಿರುವು ಅಂದ, ನಾಯಿ ಅಂದ, ಅಲ್ಲಿ ಗುಂಡಿ ಅಂದ. ಮಂಜುಳ ತುಟಿ ಕಚ್ಚಿಕೊಂಡು ಗಾಡಿ ಓಡಿಸಿದಳು. ಗಾಡಿ ಹದವಾಗಿ ಹೋಗುತ್ತಿತ್ತು. ಬೈಯಲು ಒಂದೂ ತಪ್ಪು ಸಿಗದೆ ಅವನಿಗೆ ಇನ್ನಷ್ಟು ಕಿರಿಕಿರಿಯಾಯಿತು.

ಹೊತ್ತು ಏರಿತು. ಸಂತೆಯಲ್ಲಿ ಒಳ್ಳೆಯ ಗಿರಾಕಿಗಳು ಬರುವುದು ಬೆಳಿಗ್ಗೆಯೇ. ಹಗ್ಗ ಬಿಚ್ಚಿ ಕಟ್ಟಿಸಿ ಹೊತ್ತು ಹಾಳು ಮಾಡಿದವನು ತಾನೇ ಎಂಬುದನ್ನು ಮರೆತು ದೊಡ್ಡಬೀರಪ್ಪ ಸೀಟಿನ ತುದಿಗೆ ಬಂದ. “ಸ್ವಲ್ಪ ಜೋರಾಗಿ ಹೋಗಮ್ಮಿ. ಮೆರವಣಿಗೆ ಹೊಂಟಿದೀವಾ?”

ಅಗಳಿ ಹತ್ತಿರ ಬರುವಾಗ ರಸ್ತೆಯ ತುಂಬ ಕುರಿ. ಯಾರದೋ ಮಂದೆ, ಎಡಗಡೆಯ ಹೊಲದಿಂದ ಬಲಗಡೆಯ ಬೀಳಿಗೆ ದಾಟುತ್ತಿತ್ತು. ಮಂಜುಳ ದೂರದಲ್ಲೇ ನಿಲ್ಲಿಸಿ ಇಂಜಿನ್ನು ಆರಿಸಿದಳು.

“ಈ ಹೊತ್ತಿಗಾ ಮಂದೆ ಬಿಡೋದು? ಜನ ಸಂತೆಗೆ ಹೋಗೋ ಹೊತ್ನಾಗೆ? ಬುದ್ಧಿ ಐತಾ ಇವ್ರಿಗೆ?” ದೊಡ್ಡಬೀರಪ್ಪ ಕೂತಲ್ಲೇ ಕುದಿಯತೊಡಗಿದ. ಕುರಿಗಳು ತಮ್ಮ ಪಾಡಿಗೆ ತಾವು ನಡೆಯುತ್ತಿದ್ದವು. ಒಂದೆರಡು ನಿಂತು ರಸ್ತೆ ಬದಿಯ ಗರಿಕೆಗೆ ಬಾಯಿ ಹಾಕಿದವು. ಅವನಿಗೆ ತಡೆಯಲಾಗಲಿಲ್ಲ. ಮಂಜುಳ ನೋಡನೋಡುತ್ತಿದ್ದಂತೆ ಪಕ್ಕದಿಂದ ಕೈ ಚಾಚಿ, ಇಡೀ ಅಂಗೈ ಊರಿ, ಹಾರನ್ ಒತ್ತಿಬಿಟ್ಟ.

ಮಂದೆ ಬೆದರಿತು. ಒಂದರ ಮೇಲೊಂದು ಬಿದ್ದು ನಡುರಸ್ತೆಯಲ್ಲಿ ಮುದ್ದೆಯಾಗಿ ನಿಂತಿತು.

ಮಂದೆಯವನು ಕೋಲು ಹಿಡಿದು ದಾಪುಗಾಲು ಹಾಕುತ್ತ ಬಂದ. ಹೆಸರು ಸುಂಕಪ್ಪ ಎಂದು ಆಮೇಲೆ ಗೊತ್ತಾಯಿತು. ದೊಡ್ಡಬೀರಪ್ಪನ ವಾರಿಗೆಯವನೇ. ನೇರ ಬಂದು ಡ್ರೈವರ್ ಕಡೆಯ ಕಿಟಕಿಗೆ ನಿಂತ. ಸ್ಟೇರಿಂಗಿನ ಹಿಂದೆ ಹುಡುಗಿಯನ್ನು ಕಂಡು ಅವನ ಬಾಯಿ ಇನ್ನೂ ದೊಡ್ಡದಾಯಿತು.

“ಹೊಸದಾಗಿ ಕಲ್ತಿದೀಯೇನಮ್ಮ? ಕುರಿ ಕಂಡ್ರೆ ಹಾರನ್ ಹೊಡಿಬಾರ್ದು ಅಂತ ನಿಮ್ ಮನ್ಯಾಗೆ ದೊಡ್ಡೋರು ಯಾರೂ ಹೇಳ್ಕೊಟ್ಟಿಲ್ವಾ? ನಿಂತವು ನೋಡೀಗ. ನಿಂತ್ಕೋ ನೀನೂನು!”

ದೊಡ್ಡಬೀರಪ್ಪ ಕಂಬಳಿಯ ಅಂಚು ಹಿಡಿದು ಎದುರಿನ ಗಾಜನ್ನೇ ನೋಡುತ್ತ ಕೂತ. ಈಗ ಇವಳು ಬೆರಳು ತೋರಿಸುತ್ತಾಳೆ, ಇಷ್ಟು ತಿಂಗಳ ಸಿಟ್ಟನ್ನೆಲ್ಲ ಇಲ್ಲೇ ತೀರಿಸಿಕೊಳ್ಳುತ್ತಾಳೆ ಅಂದುಕೊಂಡ.

“ತಪ್ಪಾಯ್ತು ಯಜಮಾನ್ರೇ” ಅಂದಳು ಮಂಜುಳ. “ನೀವು ದಾಟಿಸ್ಕೊಳ್ಳಿ. ನಾನು ಕಾಯ್ತೀನಿ.”

ಸುಂಕಪ್ಪ ಗೊಣಗುತ್ತ ಹಿಂದಿರುಗಿದ. ಮುಂದಿನ ಟಗರನ್ನು ಎಳೆದು, ಬಾಯಲ್ಲಿ ಸದ್ದು ಮಾಡಿ ಮಾಡಿ, ಮುದ್ದೆಯನ್ನು ಬಿಡಿಸಿದ. ಒಂದೊಂದಾಗಿ ದಾಟತೊಡಗಿದವು. ಅವಳ ಆ ‘ತಪ್ಪಾಯ್ತು’ ದೊಡ್ಡಬೀರಪ್ಪನಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಒಮ್ಮೆ ಇಲ್ಲಿಂದ ಹೊರಟರೆ ಸಾಕು ಅನ್ನಿಸಿತು. ಕೊನೆಯ ಕುರಿ ರಸ್ತೆ ಬಿಟ್ಟು ಇಳಿಯಿತು. ಸುಂಕಪ್ಪನೂ ಇಳಿದ.

“ಹೊರಡು, ಹೊರಡು. ಮುಗೀತಲ್ಲ.”

ಮಂಜುಳ ಇಂಜಿನ್ನು ಚಾಲೂ ಮಾಡಿದಳು. ಗಾಡಿ ಮಾತ್ರ ಎತ್ತಲಿಲ್ಲ.

“ಖಾಲಿ ಐತಲ್ಲಮ್ಮಿ ರೋಡು! ಇನ್ನೇನ್ ನೋಡ್ತೀಯ?”

“ಅಲ್ನೋಡು ತಾತ.”

ಬಲಗಡೆಯ ಬೀಳಿನ ಅಂಚಿನಲ್ಲಿ ಒಂದು ಕುರಿ ನಿಂತಿತ್ತು. ಮಿಕ್ಕವೆಲ್ಲ ಮುಂದೆ ಹೋಗಿದ್ದರೂ ಅದೊಂದು ಕತ್ತು ಹಿಂದಕ್ಕೆ ತಿರುಗಿಸಿ ನೋಡುತ್ತಿತ್ತು. ಬಾಯಿ ತೆರೆದು ಒಮ್ಮೆ ಕೂಗಿತು. ಎಡಗಡೆಯ ಲಾಂಟಾನ ಪೊದೆಯಿಂದ ಬೊಗಸೆಯಷ್ಟಿದ್ದ ಕರಿ ಮರಿಯೊಂದು ಚಿಮ್ಮಿತು. ಎಡ ಬಲ ನೋಡದೆ, ಗಾಡಿಯ ಮೂತಿಗೆ ಮೈ ಸವರುವಷ್ಟು ಹತ್ತಿರದಲ್ಲಿ ಓಡಿ, ಆ ಕಡೆ ಸೇರಿ, ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು.

ದೊಡ್ಡಬೀರಪ್ಪನಿಗೆ ಮೋರಿ, ಮಗುಚಿ ಬಿದ್ದ ಬೈಕು, ಅದರ ಕೆಳಗೆ ಶಿವರಾಮನ ಕಾಲು, ಎಲ್ಲ ಈಗಷ್ಟೇ ಆದಂತೆ ಕಂಡವು. ಇವಳು ತನ್ನ ಮಾತು ಕೇಳಿದ್ದರೆ? ಹೊರಡು ಅಂದದ್ದು ತಾನೇ. ಹಾರನ್ ಒತ್ತಿದ್ದೂ ತಾನೇ. ಜೊತೆಗೊಬ್ಬರು ದೊಡ್ಡವರಿರಲಿ ಅಂತ ಕಟ್ಟಳೆ ಮಾಡಿ, ಆ ದೊಡ್ಡವನಾಗಿ ಬಂದು ಕೂತವನೂ ತಾನೇ! ಥೂ, ಇದೆಂಥ ಬಾಳು ನಂದು ಅನ್ನಿಸಿತು. ಅಲ್ಲಿಂದ ಸಂತೆ ಮುಟ್ಟುವ ತನಕ ಅವನು ಎರಡೂ ಕೈಗಳನ್ನು ಕಂಬಳಿಯೊಳಗೇ ಇಟ್ಟುಕೊಂಡ.

ಮಧ್ಯಾಹ್ನ ಗಾಡಿ ಹುಣಸೆಮರದ ಕೆಳಗೆ ಬಂದು ನಿಂತಿತು. ಶಿವರಾಮ ಮೂರು ಲೋಟ ಟೀ ಹಿಡಿದು ಕಾಲೆಳೆಯುತ್ತ ಬಂದ.

“ಏನಪ್ಪ, ನಮ್ಮುಡ್ಗಿ ಪಾಸೋ ಫೇಲೋ?”

“ಪಾಸು” ಅಂದ ದೊಡ್ಡಬೀರಪ್ಪ, ಎತ್ತಲೋ ನೋಡುತ್ತ.

“ಮತ್ಯಾಕೆ ಮಖ ಸೋರೆ ಬುರುಡೆ ಹಂಗೆ ಮಾಡ್ಕೊಂಡಿದೀಯ?”

“ಪರೀಕ್ಷೆಗೆ ಇಬ್ರು ಕೂತಿದ್ವಿ ಕಣ್ಲಾ. ಪಾಸಾದೋಳು ಒಬ್ಳೇ.”

ಶಿವರಾಮನಿಗೆ ಅರ್ಥವಾಗಲಿಲ್ಲ. ಮಂಜುಳಳ ಮುಖ ನೋಡಿದ. ಅವಳು ಟೀ ಊದುತ್ತ ತಲೆ ತಗ್ಗಿಸಿಕೊಂಡಳು. ದೊಡ್ಡಬೀರಪ್ಪ ಅಂಗಿ ಎತ್ತಿ ಉಡಿದಾರದ ಗಂಟಿಗೆ ಕೈ ಹಾಕಿದ. ಬೆವರಿಗೆ ನೆನೆದು ನೆನೆದು ಗಂಟು ಕಲ್ಲಾಗಿತ್ತು. ಉಗುರಿಗೆ ಬಗ್ಗಲಿಲ್ಲ, ಹಲ್ಲಿಗೆ ಎಟುಕಲಿಲ್ಲ. “ಥತ್ ಇದರ! ಕತ್ತಿ ತಾರ್ಲಾ” ಎಂದು ಮಗನ ಮೇಲೆ ರೇಗಿ, ದಾರವನ್ನೇ ಕೊಯ್ದು, ಎರಡನೆಯ ಬೀಗದ ಕೈಯನ್ನು ಮೊಮ್ಮಗಳ ಮಡಿಲಿಗೆ ಹಾಕಿದ.

“ಮುಂದಿನ ವಾರದಿಂದ ನೀನೇ ಹೋಗು. ನಾನು ಬರಾಕಿಲ್ಲ.”

ಮಂಜುಳ ಬೀಗದ ಕೈಯನ್ನು ಒಂದು ಗಳಿಗೆ ನೋಡಿದಳು. ಅವಳ ಕಣ್ಣು ತುಂಬಿ ಬಂತು. ಒರೆಸಿಕೊಂಡು, ಅದನ್ನು ದುಪಟ್ಟಾದ ಸೆರಗಿಗೆ ಕಟ್ಟಿಕೊಂಡು, ತಾತನ ಹೆಗಲಿನಿಂದ ಜಾರುತ್ತಿದ್ದ ಕಂಬಳಿಯನ್ನು ಮೇಲೆ ಸರಿಸಿದಳು.

“ಬಾ ತಾತ, ಬ್ಯಾಡ ಅಂದೋರ್ಯಾರು? ಆದ್ರೆ ಹಿಂದ್ಗಡೆ ಕುರಿ ಜೊತೆ ನಿಂತ್ಕೊ. ಅಲ್ಲಿಂದ ಹಾರನ್ನು ಎಟುಕಾಕಿಲ್ಲ.”